ಮಧುಮೇಹವಿರುವ ಪುರುಷ ತಂದೆಯಾಗಲು ಬಯಸಿದಾಗ: ಸಕ್ಕರೆ, ವೀರ್ಯಾಣು ಮತ್ತು ಮೂರು ತಿಂಗಳ ಲೆಕ್ಕ

ಮಕ್ಕಳಾಗುವುದು ತಡವಾದರೆ ಪರೀಕ್ಷೆಗಳು ಶುರುವಾಗುವುದು ಸಾಮಾನ್ಯವಾಗಿ ಹೆಂಡತಿಯಿಂದ. ಗಂಡನಿಗೆ ಮಧುಮೇಹವಿದ್ದರೂ ಅವನ ಫೈಲು ಬೇರೆ ವೈದ್ಯರ ಬಳಿ ಇರುತ್ತದೆ. ಸಕ್ಕರೆಯ ವೈದ್ಯರು ಕಣ್ಣು, ಮೂತ್ರಪಿಂಡ, ಪಾದಗಳ ಬಗ್ಗೆ ವಿಚಾರಿಸುತ್ತಾರೆ. ಸ್ಖಲನದ ಬಗ್ಗೆ ಕೇಳುವವರು ವಿರಳ. ಬಂಜೆತನದ ಚಿಕಿತ್ಸಾಲಯದಲ್ಲಿ ವೀರ್ಯ ಪರೀಕ್ಷೆ ಮಾಡಿಸುತ್ತಾರೆ. ಹಿಂದಿನ ಕೆಲವು ತಿಂಗಳ ಸರಾಸರಿ ಸಕ್ಕರೆಯನ್ನು ತೋರುವ ಎಚ್‌ಬಿಎ1ಸಿ ಎಷ್ಟಿದೆ ಎಂದು ಕೇಳದೆ ಮುಂದಿನ ಹೆಜ್ಜೆಗೆ ಹೋಗುವುದೂ ಉಂಟು. ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹಾಗಿರುವಾಗ ಈ ಎರಡು ಫೈಲುಗಳು ಒಂದೇ ಮೇಜಿನ ಮೇಲೆ ಬರಬೇಕು. ಮುಂದೆ ಹೇಳಿರುವುದೆಲ್ಲ ಅದಕ್ಕಾಗಿಯೇ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಮಧುಮೇಹ ಎಂದರೆ ಬಂಜೆತನವಲ್ಲ. ಈ ಕಾಯಿಲೆಯಿರುವ ಬಹುಪಾಲು ಪುರುಷರು ಯಾವ ಚಿಕಿತ್ಸೆಯೂ ಇಲ್ಲದೆ ತಂದೆಯರಾಗುತ್ತಾರೆ. ತೊಂದರೆ ಬಂದಾಗ ಅದು ಎಲ್ಲಿ ಬಂದಿದೆ ಎಂದು ಹುಡುಕುವ ಕ್ರಮ ಗೊತ್ತಿದ್ದರೆ ಸಾಕು.

ಸಕ್ಕರೆ ಎಲ್ಲೆಲ್ಲಿ ಕೆಡಿಸುತ್ತದೆ

ವೃಷಣದ ಮೂಲಕೋಶವೊಂದು ವೀರ್ಯಾಣುವಾಗಿ ರೂಪುಗೊಳ್ಳಲು ಸುಮಾರು 74 ದಿನ ಬೇಕು. ಅನಂತರ ವೃಷಣದ ಹಿಂಬದಿಯ ಸುರುಳಿ ನಾಳದಲ್ಲಿ ಒಂದೆರಡು ವಾರ ಕಳೆದು ಅದು ಈಜುವ ಶಕ್ತಿ ಪಡೆಯುತ್ತದೆ. ಒಟ್ಟಾರೆ ಮೂರು ತಿಂಗಳು. ಎಚ್‌ಬಿಎ1ಸಿ ಪರೀಕ್ಷೆ ಹೇಳುವುದೂ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನೇ. ಎರಡೂ ಅವಧಿಗಳು ಹೊಂದುವುದು ಕಾಕತಾಳೀಯ, ಆದರೆ ಬಹಳ ಉಪಯೋಗಕ್ಕೆ ಬರುವ ಕಾಕತಾಳೀಯ. ಈ ಹೊತ್ತಿನ ಎಚ್‌ಬಿಎ1ಸಿ ನೋಡಿದರೆ ಈ ಹೊತ್ತಿನ ವೀರ್ಯಾಣುಗಳು ಎಂಥ ರಕ್ತದಲ್ಲಿ ಬೆಳೆದವು ಎಂಬುದು ತಿಳಿಯುತ್ತದೆ.

ಸಕ್ಕರೆ ದೀರ್ಘಕಾಲ ಏರಿದ್ದಾಗ ದೇಹದಲ್ಲಿ ಆಮ್ಲಜನಕದ ಉಗ್ರ ಕಣಗಳು ಹೆಚ್ಚುತ್ತವೆ. ಇದಕ್ಕೆ ಉತ್ಕರ್ಷಣ ಒತ್ತಡ ಎನ್ನುತ್ತಾರೆ. ಎಲ್ಲ ಕೋಶಗಳಿಗೂ ಇದು ಹಾನಿಕರವೇ, ವೀರ್ಯಾಣುವಿಗೆ ಇನ್ನೂ ಹೆಚ್ಚು. ಅದರ ಹೊರಪೊರೆಯಲ್ಲಿ ಬೇಗ ಕೆಡುವ ಅಪರ್ಯಾಪ್ತ ಕೊಬ್ಬಿನಾಮ್ಲಗಳು ತುಂಬಿವೆ. ಬೇರೆ ಕೋಶಗಳು ರಕ್ಷಕ ಕಿಣ್ವಗಳನ್ನು ತಮ್ಮ ಕೋಶರಸದಲ್ಲಿ ಇಟ್ಟುಕೊಂಡಿರುತ್ತವೆ. ವೀರ್ಯಾಣುವಾದರೋ ದೂರದ ಓಟಕ್ಕೆ ಹೊರಟವನು ಗಂಟುಮೂಟೆ ಬಿಟ್ಟು ಹೋದಂತೆ ಆ ಕೋಶರಸವನ್ನೇ ಕಳಚಿಟ್ಟು ಹೊರಡುತ್ತದೆ. ಡಿಎನ್‌ಎ ಎಳೆ ಮುರಿದರೆ ಬಲಿತ ವೀರ್ಯಾಣು ಅದನ್ನು ತಾನಾಗಿ ದುರಸ್ತಿ ಮಾಡಿಕೊಳ್ಳಲಾರದು. ಸ್ವಲ್ಪ ಮಟ್ಟಿನ ಮುರಿತವನ್ನು ಅಂಡಾಣು ಸರಿಪಡಿಸುತ್ತದೆ, ಆದರೆ ಆ ಸಾಮರ್ಥ್ಯ ಹೆಣ್ಣಿನ ವಯಸ್ಸಿನೊಂದಿಗೆ ಕುಗ್ಗುತ್ತದೆ.

ಎರಡನೆಯದು ಹಾರ್ಮೋನು. ಟೈಪ್ 2 ಮಧುಮೇಹದಲ್ಲಿ, ಅದರಲ್ಲೂ ಹೊಟ್ಟೆಯ ಬೊಜ್ಜು ಜೊತೆಗಿದ್ದರೆ, ಮಿದುಳಿನಿಂದ ವೃಷಣಕ್ಕೆ ಹೋಗುವ ಸಂದೇಶವೇ ದುರ್ಬಲವಾಗುತ್ತದೆ. ಪುರುಷ ಹಾರ್ಮೋನಾದ ಟೆಸ್ಟೋಸ್ಟಿರೋನ್ ತಗ್ಗುತ್ತದೆ, ಇರುವುದರಲ್ಲೂ ಒಂದು ಪಾಲು ಕೊಬ್ಬಿನ ಅಂಗಾಂಶದಲ್ಲಿ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಮೂರನೆಯದು ನರ. ಸ್ಖಲನದ ವೇಳೆ ಮೂತ್ರಕೋಶದ ಕೊರಳನ್ನು ಬಿಗಿಯುವ ಸ್ವಯಂಚಾಲಿತ ನರಗಳು ಕೆಟ್ಟರೆ ವೀರ್ಯ ಮುಂದೆ ಬರುವ ಬದಲು ಹಿಂದಕ್ಕೆ, ಮೂತ್ರಕೋಶದೊಳಕ್ಕೆ ಹರಿಯುತ್ತದೆ. ನಾಲ್ಕನೆಯದು ರಕ್ತನಾಳ, ಅಂದರೆ ನಿಮಿರುವಿಕೆ.

ಟೈಪ್ 1 ಇರುವವರಲ್ಲಿ ನರದ ತೊಂದರೆಯೂ ಡಿಎನ್‌ಎ ಹಾನಿಯೂ ಮುಖ್ಯ. ಟೈಪ್ 2 ಇರುವವರಲ್ಲಿ ಹಾರ್ಮೋನು, ತೂಕ, ರಕ್ತನಾಳಗಳ ಪಾತ್ರ ದೊಡ್ಡದು. ಇದು ಕಟ್ಟುನಿಟ್ಟಾದ ಗೆರೆಯಲ್ಲ, ಎಲ್ಲಿಂದ ಹುಡುಕಲು ತೊಡಗಬೇಕು ಎಂಬ ಸೂಚನೆ ಮಾತ್ರ.

ಹಂತ 1: ಪರೀಕ್ಷೆಗೆ ಮೊದಲು ಕೆಲವು ಪ್ರಶ್ನೆಗಳು

ಯಾವ ಯಂತ್ರವೂ ಹೇಳದ ಸಂಗತಿಗಳು ನಿಮಗೆ ಗೊತ್ತಿರುತ್ತವೆ. ಬರೆದಿಟ್ಟುಕೊಳ್ಳಿ.

ವೀರ್ಯದ ಪ್ರಮಾಣ ಮೊದಲಿಗಿಂತ ಕಡಿಮೆಯಾಗಿದೆಯೇ? ಸುಖದ ಅನುಭವ ಇದ್ದೂ ಏನೂ ಹೊರಬರುವುದಿಲ್ಲವೇ? ಅನಂತರದ ಮೊದಲ ಮೂತ್ರ ಮಸುಕಾಗಿ, ಹಾಲುಬಣ್ಣಕ್ಕೆ ತಿರುಗಿರುತ್ತದೆಯೇ? ಹೌದಾದರೆ ಹಿಮ್ಮುಖ ಸ್ಖಲನದ ಸಾಧ್ಯತೆ ಗಟ್ಟಿ. ಬೆಳಗಿನ ನಿಮಿರುವಿಕೆ ಇದೆಯೇ? ಅದಿದ್ದು ಸಂಗಾತಿಯೊಡನೆ ಮಾತ್ರ ಆಗುತ್ತಿಲ್ಲವೆಂದರೆ ಮನಸ್ಸಿನ ಒತ್ತಡದ ಪಾಲು ದೊಡ್ಡದು. ಎರಡೂ ಇಲ್ಲವೆಂದರೆ ನರ, ರಕ್ತನಾಳ, ಹಾರ್ಮೋನುಗಳತ್ತ ನೋಡಬೇಕು. ಆಸಕ್ತಿ ಕುಂದಿದೆಯೇ, ಗಡ್ಡ ಬೋಳಿಸುವ ಅಗತ್ಯ ಕಡಿಮೆಯಾಗಿದೆಯೇ, ಸದಾ ದಣಿವೇ? ಪಾದಗಳಲ್ಲಿ ಜೋಮು, ಎದ್ದು ನಿಂತರೆ ತಲೆಸುತ್ತು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು, ಇವು ನರಹಾನಿಯ ಬೇರೆ ಗುರುತುಗಳು. ಒಂದು ಕಡೆ ನರ ಕೆಟ್ಟಿದ್ದರೆ ಇನ್ನೊಂದು ಕಡೆಯೂ ಕೆಟ್ಟಿರಬಹುದು.

ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಚುಚ್ಚುಮದ್ದು, ಪುಡಿಗಳ ಪಟ್ಟಿ ಮಾಡಿ. ಜಿಮ್‌ನಲ್ಲಿ ಯಾರೋ ಕೊಟ್ಟದ್ದನ್ನೂ ಸೇರಿಸಿ. ವೈದ್ಯರಿಂದ ಮುಚ್ಚಿಡುವ ವಸ್ತುಗಳಲ್ಲಿ ಮೊದಲ ಸ್ಥಾನ ಅದರದೇ.

ಹಂತ 2: ಯಾವ ಪರೀಕ್ಷೆಗಳು, ಹೇಗೆ

ವೀರ್ಯ ಪರೀಕ್ಷೆಗೆ 2ರಿಂದ 7 ದಿನ ಸ್ಖಲನವಿಲ್ಲದೆ ಇರಬೇಕು. ಹೆಚ್ಚು ದಿನ ಕೂಡಿಟ್ಟರೆ ಒಳ್ಳೆಯದು ಎಂಬ ನಂಬಿಕೆ ತಪ್ಪು. ಸಂಖ್ಯೆ ಏರಬಹುದು, ಆದರೆ ಹಳೆಯ ವೀರ್ಯಾಣುಗಳ ಚಲನೆಯೂ ಡಿಎನ್‌ಎಯೂ ಕೆಡುತ್ತವೆ. ಮಾದರಿಯನ್ನು ಪ್ರಯೋಗಾಲಯದಲ್ಲಿಯೇ ಕೊಡುವುದು ಮೇಲು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ, ದೇಹದ ಬಿಸಿಗೆ ಹತ್ತಿರವಾಗಿ ಇಟ್ಟುಕೊಂಡು ತಲುಪಿಸಬೇಕು. ಸಾಮಾನ್ಯ ಕಾಂಡೋಮ್, ಜಾರುದ್ರವ, ಎಂಜಲು ಯಾವುದೂ ಬೇಡ. ಮೊದಲ ಹನಿಗಳು ಚೆಲ್ಲಿಹೋದರೆ ಹಾಗೆಂದು ತಿಳಿಸಿ, ವೀರ್ಯಾಣುಗಳು ಹೆಚ್ಚಿರುವುದು ಅದರಲ್ಲಿಯೇ. ಫಲಿತಾಂಶ ಕೆಟ್ಟಿದ್ದರೆ ಕೆಲವು ವಾರಗಳ ಅಂತರದಲ್ಲಿ ಇನ್ನೊಮ್ಮೆ ಮಾಡಿಸಬೇಕು. ಒಂದೇ ವರದಿಯ ಮೇಲೆ ತೀರ್ಮಾನ ಸಲ್ಲದು. ಒಂದು ಜ್ವರ ಬಂದುಹೋಗಿದ್ದರೂ ಎರಡು ಮೂರು ತಿಂಗಳು ಎಣಿಕೆ ಕುಸಿದಿರುತ್ತದೆ.

ರಕ್ತದಲ್ಲಿ ಎಚ್‌ಬಿಎ1ಸಿ ಜೊತೆಗೆ ಟೆಸ್ಟೋಸ್ಟಿರೋನ್ ಬೇಕು. ಇದನ್ನು ಬೆಳಿಗ್ಗೆಯೇ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಸಂಜೆಗೂ ಊಟದ ನಂತರವೂ ಅದರ ಮಟ್ಟ ಇಳಿದಿರುತ್ತದೆ. ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ನೋಡಿ, ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ (ವೃಷಣಕ್ಕೆ ಸಂದೇಶ ಒಯ್ಯುವವು ಇವೆರಡೇ), ಪ್ರೊಲ್ಯಾಕ್ಟಿನ್ ಸೇರಿಸಬೇಕು. ಟೆಸ್ಟೋಸ್ಟಿರೋನ್ ಕಡಿಮೆಯಿದ್ದೂ ಎಲ್‌ಎಚ್ ಏರಿಲ್ಲವೆಂದರೆ ದೋಷ ಮಿದುಳಿನ ಸಂದೇಶದಲ್ಲಿದೆ, ಏರಿದ್ದರೆ ವೃಷಣದಲ್ಲಿ. ಬೊಜ್ಜಿರುವವರಲ್ಲಿ ಈ ಹಾರ್ಮೋನನ್ನು ಹೊತ್ತೊಯ್ಯುವ ಪ್ರೋಟೀನು ಕಡಿಮೆಯಿರುವುದರಿಂದ ಒಟ್ಟು ಮಟ್ಟ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಆಗ ಪ್ರೋಟೀನಿಗೆ ಅಂಟಿಕೊಳ್ಳದೆ ಉಳಿದ ಮುಕ್ತ ಟೆಸ್ಟೋಸ್ಟಿರೋನ್ ಲೆಕ್ಕ ಹಾಕಿಸಬೇಕು.

ಎರಡು ಅಪರೂಪದ ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ರಕ್ತಹೀನತೆ ಅಥವಾ ಥಲಸ್ಸೀಮಿಯಾದಂತಹ ಆನುವಂಶಿಕ ರಕ್ತದ ತೊಂದರೆಯಿದ್ದರೆ ಎಚ್‌ಬಿಎ1ಸಿ ಸುಳ್ಳು ಹೇಳಬಹುದು. ಇನ್ನೊಂದು, ಮಧುಮೇಹವೂ ಕಡಿಮೆ ಟೆಸ್ಟೋಸ್ಟಿರೋನೂ ಒಟ್ಟಿಗೆ ಇದ್ದು, ಯಕೃತ್ತಿನ ತೊಂದರೆ, ಕೀಲುನೋವು, ಚರ್ಮ ಕಂದುವುದು ಜೊತೆಗೂಡಿದರೆ ದೇಹದ ಕಬ್ಬಿಣದ ಸಂಗ್ರಹ ತೋರುವ ಫೆರಿಟಿನ್ ಪರೀಕ್ಷೆ ಮಾಡಿಸಬೇಕು. ಕಬ್ಬಿಣ ದೇಹದಲ್ಲಿ ಮಿತಿಮೀರಿ ಸಂಗ್ರಹವಾಗುವ ಆನುವಂಶಿಕ ಕಾಯಿಲೆ ಮೇದೋಜೀರಕ ಗ್ರಂಥಿಯನ್ನೂ ಪಿಟ್ಯುಟರಿಯನ್ನೂ ಒಟ್ಟಿಗೆ ಕೆಡಿಸುತ್ತದೆ.

ವೃಷಣಗಳ ದೈಹಿಕ ಪರೀಕ್ಷೆಯನ್ನು ಬಿಡಬೇಡಿ. ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬುವ ವೆರಿಕೋಸೀಲ್, ಸಂತಾನಹೀನತೆಗೆ ಪರೀಕ್ಷೆಗೊಳಗಾಗುವ ಪುರುಷರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಇರುತ್ತದೆ. ಎಲ್ಲ ತಪ್ಪನ್ನೂ ಸಕ್ಕರೆಯ ತಲೆಗೆ ಕಟ್ಟಿದರೆ ಇಂಥ ಸರಿಪಡಿಸಬಹುದಾದ ಕಾರಣ ಕಣ್ತಪ್ಪುತ್ತದೆ.

ಹಂತ 3: ವರದಿ ಓದುವುದು

ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿಗಳು ಹೀಗಿವೆ: ಪ್ರಮಾಣ 1.4 ಮಿಲಿಲೀಟರ್, ಪ್ರತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಒಟ್ಟು ಚಲನೆ ಶೇ 42, ಮುಂದಕ್ಕೆ ಈಜುವವು ಶೇ 30, ಸಹಜ ಆಕಾರ ಶೇ 4. ಕೊನೆಯ ಅಂಕಿ ನೋಡಿ ಬೆಚ್ಚುವವರು ಬಹಳ. ನೂರರಲ್ಲಿ ನಾಲ್ಕು ಸುಂದರವಾಗಿದ್ದರೆ ಸಾಕೆಂಬುದು ಪ್ರಕೃತಿಯ ಲೆಕ್ಕ. ಈ ಮಿತಿಗಳನ್ನು ಒಂದು ವರ್ಷದೊಳಗೆ ಸಂಗಾತಿ ಗರ್ಭ ಧರಿಸಿದ ಪುರುಷರ ಅಂಕಿಗಳಿಂದಲೇ, ಅವರಲ್ಲಿ ಅತಿ ಕಡಿಮೆಯಿದ್ದ ಶೇ 5ರ ಗೆರೆಯಿಂದ ತೆಗೆದಿದ್ದಾರೆ. ಗೆರೆಯ ಕೆಳಗಿದ್ದರೆ ಅಸಾಧ್ಯವೆಂದಲ್ಲ, ಮೇಲಿದ್ದರೆ ಖಾತರಿಯೆಂದೂ ಅಲ್ಲ.

ಮಧುಮೇಹಿಗಳಿಗೆ ಈ ಕೊನೆಯ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಪುರುಷರ ಬಗ್ಗೆ ಬೆಲ್‌ಫಾಸ್ಟ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಣಿಕೆ, ಚಲನೆ, ಆಕಾರ ಮೂರೂ ಇತರರಂತೆಯೇ ಇದ್ದವು. ಪ್ರಮಾಣ ಮಾತ್ರ ಕಡಿಮೆ: 3.3ರ ಬದಲು 2.6 ಮಿಲಿಲೀಟರ್. ಆದರೆ ಡಿಎನ್‌ಎ ಮುರಿತ ಇತರರಲ್ಲಿ ಶೇ 32 ಇದ್ದರೆ ಇವರಲ್ಲಿ ಶೇ 53 ಇತ್ತು. ಅಧ್ಯಯನ ಚಿಕ್ಕದು, ಎರಡೂ ಗುಂಪು ಸೇರಿ ಅರವತ್ತು ಮಂದಿಯೂ ಇರಲಿಲ್ಲ; ಆದರೂ ಅದು ತೋರಿಸಿದ ದಿಕ್ಕು ಮುಖ್ಯ. ಸೂಕ್ಷ್ಮದರ್ಶಕದಲ್ಲಿ ಲಕ್ಷಣವಾಗಿ ಈಜುವ ವೀರ್ಯಾಣುವಿನ ಒಳಗೆ ಏನಾಗಿದೆ ಎಂಬುದು ಸಾಮಾನ್ಯ ಪರೀಕ್ಷೆಗೆ ಕಾಣುವುದಿಲ್ಲ.

ಹಾಗೆಂದು ಎಲ್ಲರೂ ಡಿಎನ್‌ಎ ಮುರಿತದ ಪರೀಕ್ಷೆಗೆ ಓಡಬೇಕಿಲ್ಲ. ಮತ್ತೆ ಮತ್ತೆ ಗರ್ಭಪಾತವಾಗಿದ್ದರೆ, ಅಥವಾ ವರದಿ ಚೆನ್ನಾಗಿದ್ದೂ ಪ್ರಯತ್ನಗಳು ವಿಫಲವಾಗುತ್ತಿದ್ದರೆ ಅದಕ್ಕೆ ಅರ್ಥವಿದೆ. ಉಳಿದವರು ಆ ಹಣವನ್ನು ಸಕ್ಕರೆಯ ನಿಗಾಕ್ಕೆ ಬಳಸುವುದೇ ಲೇಸೆಂದು ನನ್ನ ಅಭಿಪ್ರಾಯ.

ಹಂತ 4: ಸಕ್ಕರೆಯನ್ನು ಇಳಿಸುವ ಮೂರು ತಿಂಗಳು

ಹೆಚ್ಚಿನ ವಯಸ್ಕರಿಗೆ ಎಚ್‌ಬಿಎ1ಸಿ ಶೇ 7ರ ಒಳಗೆ ಇರಬೇಕೆಂಬುದು ಸಾಮಾನ್ಯ ಗುರಿ. ಪುರುಷರ ಫಲವತ್ತತೆಗೆಂದೇ ಬೇರೆ ಗುರಿಯನ್ನು ಯಾರೂ ನಿಗದಿಪಡಿಸಿಲ್ಲ. ಸಕ್ಕರೆ ಅಪಾಯಕಾರಿಯಾಗಿ ಕುಸಿಯದಂತೆ ಈ ಗುರಿ ಮುಟ್ಟುವುದು ಮುಖ್ಯ.

ಅವಸರ ಬೇಡ. ಬಹುಕಾಲ ಶೇ 10–11ರಲ್ಲಿ ಇದ್ದವರು ಕೆಲವೇ ವಾರಗಳಲ್ಲಿ ಧಡಕ್ಕನೆ ಇಳಿಸಿದರೆ ಕಣ್ಣಿನ ಅಕ್ಷಿಪಟಲದ ತೊಂದರೆ ತಾತ್ಕಾಲಿಕವಾಗಿ ಉಲ್ಬಣಿಸಬಹುದು, ತೀವ್ರ ನರನೋವು ಕಾಣಿಸಿಕೊಳ್ಳಬಹುದು. ಆದ್ದರಿಂದ ಮೊದಲು ಕಣ್ಣಿನ ಪರೀಕ್ಷೆ, ಆಮೇಲೆ ವೈದ್ಯರೊಡನೆ ಕೂತು ಮಾಡಿದ ಯೋಜನೆ. ನಿಗದಿತ ಮಟ್ಟ ಮುಟ್ಟಿದ ದಿನದಿಂದ ಮೂರು ತಿಂಗಳು ಎಣಿಸಿ, ಆಗ ವೀರ್ಯ ಪರೀಕ್ಷೆಯನ್ನು ಮತ್ತೆ ಮಾಡಿಸಿ. ಯೋಜನೆ ಶುರುಮಾಡಿದ ದಿನದಿಂದ ಎಣಿಸಿದರೆ ಹಳೆಯ ಸಕ್ಕರೆಯಲ್ಲಿ ಬೆಳೆದ ವೀರ್ಯಾಣುಗಳನ್ನೇ ಮತ್ತೆ ಅಳೆದಂತಾಗುತ್ತದೆ. ಬಹಳ ಮಂದಿ ನಿರಾಶರಾಗುವುದು ಇಲ್ಲಿಯೇ.

ಬೊಜ್ಜಿದ್ದರೆ ತೂಕ ಇಳಿಸುವುದಕ್ಕಿಂತ ಒಳ್ಳೆಯ ಔಷಧ ಟೈಪ್ 2ರವರಿಗೆ ಇಲ್ಲ. ಮಧುಮೇಹವಿಲ್ಲದ, ಆದರೆ ಬೊಜ್ಜಿದ್ದ ಪುರುಷರ ಮೇಲೆ ಡೆನ್ಮಾರ್ಕ್‌ನಲ್ಲಿ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 8 ವಾರಗಳ ಕಡಿಮೆ ಕ್ಯಾಲೊರಿ ಆಹಾರದಿಂದ ಸರಾಸರಿ 16.5 ಕಿಲೊ ಇಳಿಸಿದವರ ವೀರ್ಯಾಣು ಸಾಂದ್ರತೆ ಸುಮಾರು ಒಂದೂವರೆ ಪಟ್ಟಾಯಿತು. ಒಂದು ವರ್ಷದ ನಂತರ ಆ ಲಾಭ ಉಳಿದದ್ದು ತೂಕ ಮತ್ತೆ ಏರಲು ಬಿಡದವರಲ್ಲಿ. ವಾರಕ್ಕೆ 150 ನಿಮಿಷ ಚುರುಕು ನಡಿಗೆಯಂತಹ ವ್ಯಾಯಾಮ, ಜೊತೆಗೆ ಸ್ನಾಯು ಬಲಪಡಿಸುವ ಕಸರತ್ತು ಎಂಬ ಮಧುಮೇಹದ ಸಲಹೆ ಇಲ್ಲಿಗೂ ಸಾಕು. ಜೋರಾಗಿ ಗೊರಕೆ ಹೊಡೆದು ಹಗಲಿನಲ್ಲಿ ತೂಕಡಿಸುವವರು ನಿದ್ರೆಯ ಉಸಿರುಗಟ್ಟುವಿಕೆಗೆ ಪರೀಕ್ಷೆ ಮಾಡಿಸಲಿ.

ತಂಬಾಕು ಯಾವ ರೂಪದಲ್ಲಿದ್ದರೂ ನಿಲ್ಲಬೇಕು, ಮದ್ಯ ಕಡಿಮೆಯಾಗಬೇಕು. ವೃಷಣಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಬಿಸಿನೀರಿನ ತೊಟ್ಟಿ, ತೊಡೆಯ ಮೇಲಿನ ಲ್ಯಾಪ್‌ಟಾಪ್ ಬೇಡ.

ಹಂತ 5: ಔಷಧಿಗಳ ಪರಿಶೀಲನೆ

ಸಕ್ಕರೆ ಇಳಿಸುವ ಸಾಮಾನ್ಯ ಮಾತ್ರೆಯಾದ ಮೆಟ್‌ಫಾರ್ಮಿನ್ ಬಗ್ಗೆ ಗಾಬರಿ ಹಬ್ಬಿಸಿದ್ದು 2022ರ ಡೆನ್ಮಾರ್ಕ್ ಅಧ್ಯಯನ. ಗರ್ಭಧಾರಣೆಗೆ ಮುಂಚಿನ ಮೂರು ತಿಂಗಳಲ್ಲಿ ತಂದೆ ಈ ಮಾತ್ರೆ ತೆಗೆದುಕೊಂಡಿದ್ದರೆ ಗಂಡು ಶಿಶುವಿನ ಜನನಾಂಗದ ದೋಷ ಹೆಚ್ಚು ಎಂದು ಅದು ಸೂಚಿಸಿತು. ನಾರ್ವೆ ಮತ್ತು ತೈವಾನ್‌ಗಳ ದಾಖಲೆಗಳನ್ನಾಧರಿಸಿ 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ, ಅಂಥ ಸಂಬಂಧ ಕಾಣಲಿಲ್ಲ. ಸುದ್ದಿ ಓದಿ ಮಾತ್ರೆ ಬಿಟ್ಟು ಸಕ್ಕರೆ ಏರಿಸಿಕೊಳ್ಳುವುದು ಖಚಿತ ನಷ್ಟ. ಇನ್ಸುಲಿನ್ ಬಗ್ಗೆಯೂ ಭಯ ಬೇಡ.

ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳಿಂದ ಜನನಾಂಗದ ಶಿಲೀಂಧ್ರ ಸೋಂಕು ಬರಬಹುದು. ತುರಿಕೆ, ಕೆಂಪು ಕಂಡರೆ ದಂಪತಿಗಳಿಬ್ಬರೂ ಚಿಕಿತ್ಸೆ ಪಡೆಯಬೇಕಾದೀತು. ಪ್ರಾಸ್ಟೇಟ್‌ಗೆ ಕೊಡುವ ಟಾಮ್ಸುಲೋಸಿನ್, ಸಿಲೋಡೋಸಿನ್ ಸ್ಖಲನವನ್ನು ಕೆಡಿಸುತ್ತವೆ. ಕೂದಲಿಗೆ ಕೊಡುವ ಫಿನಾಸ್ಟಿರೈಡ್, ಕೆಲವು ಖಿನ್ನತೆಯ ಮಾತ್ರೆಗಳು, ಕೆಲವು ರಕ್ತದೊತ್ತಡದ ಮಾತ್ರೆಗಳನ್ನೂ ಪಟ್ಟಿಯಲ್ಲಿ ಗುರುತು ಮಾಡಿ ವೈದ್ಯರಿಗೆ ತೋರಿಸಿ. ಬದಲಿಸುವುದು ಅವರ ಕೆಲಸ.

ಹಂತ 6: ಟೆಸ್ಟೋಸ್ಟಿರೋನ್ ಚುಚ್ಚುಮದ್ದಿನ ಬಲೆ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಟೆಸ್ಟೋಸ್ಟಿರೋನ್ ಕಡಿಮೆ ಬಂತು, ಚುಚ್ಚುಮದ್ದು ಅಥವಾ ಜೆಲ್ ಕೊಟ್ಟರು, ಉತ್ಸಾಹ ಬಂತು, ನಿಮಿರುವಿಕೆ ಸುಧಾರಿಸಿತು. ಆದರೆ ವೀರ್ಯಾಣು ಎಣಿಕೆ ಸೊನ್ನೆಗೆ ಇಳಿಯಿತು. ಹೊರಗಿನಿಂದ ಹಾರ್ಮೋನು ಬಂದೊಡನೆ ಮಿದುಳು ಎಲ್‌ಎಚ್, ಎಫ್‌ಎಸ್‌ಎಚ್‌ಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣದ ಒಳಗೆ ಬೇಕಾದ ಟೆಸ್ಟೋಸ್ಟಿರೋನ್ ಮಟ್ಟ ರಕ್ತದಲ್ಲಿರುವುದಕ್ಕಿಂತ ಹಲವಾರು ಪಟ್ಟು ಹೆಚ್ಚು. ರಕ್ತಕ್ಕೆ ಕೊಟ್ಟ ಹಾರ್ಮೋನು ಅದನ್ನು ತುಂಬಲಾರದು. ಇದೇ ಕಾರಣಕ್ಕೆ ಪುರುಷ ಗರ್ಭನಿರೋಧಕವಾಗಿ ಟೆಸ್ಟೋಸ್ಟಿರೋನನ್ನು ಪ್ರಯೋಗಿಸಿ ನೋಡಿದ್ದಾರೆ. ಬಿಟ್ಟ ಮೇಲೆ ಹೆಚ್ಚಿನವರಲ್ಲಿ ವೀರ್ಯಾಣು ಮರಳುತ್ತದೆ, ಆದರೆ ಆರು ತಿಂಗಳು, ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ಜಿಮ್‌ನ ಸ್ಟಿರಾಯ್ಡ್‌ಗಳದ್ದೂ ಇದೇ ಕಥೆ.

ಆದ್ದರಿಂದ ಹಾರ್ಮೋನಿನ ಮಾತು ಬಂದ ಕೂಡಲೇ “ನಮಗೆ ಮಗು ಬೇಕು” ಎಂದು ಹೇಳಿ. ಆಗ ವೈದ್ಯರ ಮುಂದೆ ಬೇರೆ ದಾರಿಗಳಿವೆ: ತೂಕ ಇಳಿಸುವುದು, ದೇಹದ ಸ್ವಂತ ಉತ್ಪಾದನೆಯನ್ನು ಎಬ್ಬಿಸುವ ಕ್ಲೋಮಿಫೀನ್, ಎಚ್‌ಸಿಜಿ ಮುಂತಾದವು.

ಹಂತ 7: ವೀರ್ಯ ಹೊರಬಾರದಿದ್ದರೆ

ಹಿಮ್ಮುಖ ಸ್ಖಲನವನ್ನು ಪತ್ತೆಹಚ್ಚುವುದು ಸುಲಭ. ಸ್ಖಲನದ ನಂತರದ ಮೂತ್ರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯಾಣುಗಳು ಅಲ್ಲಿರುತ್ತವೆ. ಪ್ರಮಾಣ 1.4 ಮಿಲಿಲೀಟರಿಗಿಂತ ಕಡಿಮೆಯಿರುವ ಮಧುಮೇಹಿಗಳು ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬೇಕು. ಕಿರಿಕಿರಿಯೇನೆಂದರೆ, ಅಗ್ಗದ ಈ ಪರೀಕ್ಷೆಯನ್ನು ಮರೆತು ನೇರವಾಗಿ ಪ್ರಯೋಗಾಲಯದ ಗರ್ಭಧಾರಣೆಯತ್ತ ಹೋಗುವುದುಂಟು.

ಚಿಕಿತ್ಸೆಯ ಮೊದಲ ಮೆಟ್ಟಿಲು ಮೂತ್ರಕೋಶದ ಕೊರಳನ್ನು ಬಿಗಿಯುವ ಮಾತ್ರೆಗಳು. ಸೂಡೋಎಫೆಡ್ರಿನ್ ಮತ್ತು ಇಮಿಪ್ರಮಿನ್ ಅಂಥವು. ಇವು ರಕ್ತದೊತ್ತಡವನ್ನೂ ಹೃದಯದ ಬಡಿತವನ್ನೂ ಏರಿಸಬಲ್ಲವು, ಹಾಗಾಗಿ ಮಧುಮೇಹಿ ಇವನ್ನು ಸ್ವಂತ ಬುದ್ಧಿಯಿಂದ ನುಂಗಬಾರದು. ನರ ಪೂರ್ತಿ ಕೆಟ್ಟಿದ್ದರೆ ಫಲವೂ ಸಿಗದು. ಆಗ ಎರಡನೆಯ ಮೆಟ್ಟಿಲು: ಮೂತ್ರದ ಆಮ್ಲೀಯತೆಯನ್ನು ಸೋಡಿಯಂ ಬೈಕಾರ್ಬೊನೇಟ್‌ನಿಂದ ತಗ್ಗಿಸಿ, ಮೂತ್ರದಿಂದಲೇ ವೀರ್ಯಾಣುಗಳನ್ನು ಬೇರ್ಪಡಿಸಿ, ತೊಳೆದು, ಗರ್ಭಾಶಯಕ್ಕೆ ಸೇರಿಸುವುದು ಅಥವಾ ಅಂಡಾಣುವಿಗೆ ನೇರವಾಗಿ ಚುಚ್ಚುವುದು. ಮೂತ್ರದಲ್ಲಿಯೂ ಸಿಗದಿದ್ದರೆ ವೃಷಣದಿಂದಲೇ ಸೂಜಿಯಲ್ಲಿ ತೆಗೆಯಬಹುದು.

ಹಂತ 8: ನಿಮಿರುವಿಕೆ

ಮಧುಮೇಹಿಗಳಲ್ಲಿ ಈ ತೊಂದರೆ ಇತರರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು, ಮತ್ತು 10ರಿಂದ 15 ವರ್ಷ ಮೊದಲೇ ಬರುತ್ತದೆ. ನಿಮಿರುವಿಕೆಗೆ ಕೊಡುವ ಮಾತ್ರೆಗಳಾದ ಸಿಲ್ಡೆನಾಫಿಲ್, ಟಡಾಲಾಫಿಲ್ ಕೆಲಸ ಮಾಡುತ್ತವೆ, ಇತರರಲ್ಲಿ ಮಾಡುವುದಕ್ಕಿಂತ ಸ್ವಲ್ಪ ಕಡಿಮೆ. ಸಿಲ್ಡೆನಾಫಿಲ್ ಅನ್ನು ಭಾರೀ ಊಟದ ಮೇಲೆ ತೆಗೆದುಕೊಂಡರೆ ತಡವಾಗಿ, ದುರ್ಬಲವಾಗಿ ಕೆಲಸ ಮಾಡುತ್ತದೆ. ‘ಮಾತ್ರೆ ಹತ್ತಲಿಲ್ಲ’ ಎನ್ನುವವರಲ್ಲಿ ಅನೇಕರ ಸಮಸ್ಯೆ ಇಷ್ಟೇ. ಎದೆನೋವಿಗೆ ನೈಟ್ರೇಟ್ ಮಾತ್ರೆ ಬಳಸುವವರು ಇವನ್ನು ಮುಟ್ಟಲೇಬಾರದು, ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯುತ್ತದೆ. ಶಿಶ್ನದ ರಕ್ತನಾಳಗಳು ಹೃದಯದವುಗಳಿಗಿಂತ ಸಣ್ಣವು, ಮೊದಲು ಕಟ್ಟಿಕೊಳ್ಳುತ್ತವೆ. ಆದ್ದರಿಂದ ನಿಮಿರುವಿಕೆ ಹೊಸದಾಗಿ ಕುಂದಿದ್ದರೆ ಹೃದಯದ ತಪಾಸಣೆಯನ್ನೂ ಮಾಡಿಸಬೇಕು.

ಹಂತ 9: ಪೂರಕ ಮಾತ್ರೆಗಳಿಗೆ ಎಷ್ಟು ಬೆಲೆ ಕೊಡಬೇಕು

ಉತ್ಕರ್ಷಣ ಒತ್ತಡವೇ ಶತ್ರುವಾದರೆ ಉತ್ಕರ್ಷಣ ನಿರೋಧಕ ಮಾತ್ರೆ ನುಂಗಿದರಾಯಿತಲ್ಲ? ತರ್ಕ ಚೆನ್ನಾಗಿದೆ, ಫಲಿತಾಂಶ ಹಾಗಿಲ್ಲ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸತು ಮತ್ತು ಫೋಲಿಕ್ ಆಮ್ಲ ತೆಗೆದುಕೊಂಡ ಪುರುಷರಿಗೆ ಹೆಚ್ಚು ಮಕ್ಕಳಾಗಲಿಲ್ಲ, ವೀರ್ಯದ ಗುಣಮಟ್ಟ ಸುಧಾರಿಸಲಿಲ್ಲ. ಡಿಎನ್‌ಎ ಮುರಿತ ಸ್ವಲ್ಪ ಹೆಚ್ಚೇ ಇತ್ತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ವಿಟಮಿನ್ ಸಿ, ಇ, ಸೆಲೆನಿಯಂ ಮೊದಲಾದವುಗಳ ಮಿಶ್ರಣವೂ ಪ್ರಯೋಜನ ತೋರಲಿಲ್ಲ. ಕೊರತೆ ಪರೀಕ್ಷೆಯಲ್ಲಿ ಸಾಬೀತಾಗಿದ್ದರೆ ತುಂಬಿಕೊಳ್ಳಿ. ದೀರ್ಘಕಾಲ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕಡಿಮೆಯಾಗುವುದುಂಟು, ಅದನ್ನು ನೋಡಿಸುವುದು ನರಗಳಿಗೂ ಒಳ್ಳೆಯದು.

ಎಷ್ಟು ಕಾಯಬೇಕು?

ಗರ್ಭಧಾರಣೆ ಸಾಧ್ಯವಿರುವುದು ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನಗಳಲ್ಲಿ. ಆ ಅವಧಿಯಲ್ಲಿ ದಿನಕ್ಕೊಮ್ಮೆ ಅಥವಾ ಎರಡು ದಿನಕ್ಕೊಮ್ಮೆ ಸೇರಿದರೆ ಸಾಕು. ಒಂದು ವರ್ಷ ಪ್ರಯತ್ನಿಸಿಯೂ ಆಗದಿದ್ದರೆ ತಪಾಸಣೆ ಎಂಬುದು ಸಾಮಾನ್ಯ ನಿಯಮ. ಹೆಣ್ಣಿಗೆ 35 ದಾಟಿದ್ದರೆ ಆರು ತಿಂಗಳು. ಆದರೆ ಸ್ಖಲನದ ತೊಂದರೆ, ನಿಮಿರುವಿಕೆಯ ತೊಂದರೆ, ಟೆಸ್ಟೋಸ್ಟಿರೋನ್ ಚಿಕಿತ್ಸೆಯ ಹಿನ್ನೆಲೆ ಇವುಗಳಲ್ಲಿ ಯಾವುದಿದ್ದರೂ ಈ ಗಡುವು ಅನ್ವಯಿಸುವುದಿಲ್ಲ, ಕೂಡಲೇ ಹೋಗಬೇಕು. ಹೆಣ್ಣಿನ ವಯಸ್ಸು 38–40ರ ಆಸುಪಾಸಿನಲ್ಲಿದ್ದರೆ ಸಕ್ಕರೆ ಪೂರ್ತಿ ಸರಿಯಾಗಲೆಂದು ಕಾಯುವುದೂ ತಪ್ಪಾದೀತು; ಆಕೆಯ ಚಿಕಿತ್ಸೆಯೂ ನಿಮ್ಮ ಮೂರು ತಿಂಗಳೂ ಜೊತೆಜೊತೆಯಾಗಿ ಸಾಗಲಿ. ನರಹಾನಿ ಹೆಚ್ಚುತ್ತಿರುವ, ಆದರೆ ಮಗು ಸದ್ಯಕ್ಕೆ ಬೇಡವೆನ್ನುವ ಯುವಕರು ವೀರ್ಯವನ್ನು ಶೈತ್ಯೀಕರಿಸಿಡುವ ಬಗ್ಗೆ ಈಗಲೇ ವಿಚಾರಿಸಬಹುದು.

ಮಗುವಿಗೂ ಮಧುಮೇಹ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ತಂದೆಗೆ ಟೈಪ್ 1 ಇದ್ದರೆ ಮಗುವಿಗೆ ಅದು ಬರುವ ಸಾಧ್ಯತೆ ಸುಮಾರು 17ರಲ್ಲಿ 1, ಅಂದರೆ 17ರಲ್ಲಿ 16 ಮಕ್ಕಳಿಗೆ ಬರುವುದಿಲ್ಲ. ಟೈಪ್ 2ರಲ್ಲಿ ಕುಟುಂಬದ ಪಾತ್ರ ಇದಕ್ಕಿಂತ ದೊಡ್ಡದು, ಆದರೆ ಅಲ್ಲಿ ತೂಕ ಮತ್ತು ಜೀವನಕ್ರಮದ ಪಾಲೂ ದೊಡ್ಡದೇ.